ಚೀಲ ಹಿಡಿದ ಕೈಗಳು

ಮದುವೆ ವಿಡಿಯೊ ತೆಗೆಯುವವನಿಗೂ ಶಾಂತಿ ಪ್ರಶಸ್ತಿಗೂ ಏನು ಸಂಬಂಧ ಎಂದು ಮೊದಲು ಕೇಳಿದವಳು ನನ್ನ ಹೆಂಡತಿ. ನ್ಯಾಯವಾದ ಪ್ರಶ್ನೆಯೇ. ಚಾಮರಾಜಪುರಂನ ನಮ್ಮ ಸ್ಟುಡಿಯೊದಲ್ಲಿ ಅಲ್ಲಿಯವರೆಗೆ ಮದುವೆ, ಗೃಹಪ್ರವೇಶ, ನಾಮಕರಣ ಬಿಟ್ಟು ಬೇರೇನೂ ನಡೆದಿರಲಿಲ್ಲ. ಶಾಂತಿಯ ವಿಷಯದಲ್ಲಿ ನನಗಿದ್ದ ಅನುಭವವೆಂದರೆ, ಬೀಗರು ಊಟದ ಪಂಕ್ತಿಯಲ್ಲಿ ಮುಖ ಊದಿಸಿಕೊಂಡು ಕೂತಾಗ ಕ್ಯಾಮೆರಾವನ್ನು ಮೆಲ್ಲಗೆ ಹೋಳಿಗೆಯ ಕಡೆಗೆ ತಿರುಗಿಸುವುದು ಮಾತ್ರ.

ಆದರೆ ಕೆಲಸ ತಂದವರು ಬೇಕಾದವರು. ಸಮಾಜಕಾರ್ಯ ಪಾಠ ಮಾಡಿ ನಿವೃತ್ತರಾದ ಪ್ರಾಧ್ಯಾಪಕಿ. ಅವರ ಮಗಳ ಮದುವೆಯನ್ನು ನಾನೇ ತೆಗೆದಿದ್ದೆ. ಹಿಂಸೆ, ಘರ್ಷಣೆಗಳನ್ನು ತಡೆಯಲು ದುಡಿದವರಿಗೆ ಹೊರದೇಶದ ಒಂದು ಸಂಸ್ಥೆ ಅಂತರರಾಷ್ಟ್ರೀಯ ಪ್ರಶಸ್ತಿ ಕೊಡುತ್ತದೆ. ಅದಕ್ಕೆ ಅವರು ಮೇಟಗಳ್ಳಿ ಕಡೆಯ ಒಂದು ಹೆಂಗಸರ ಗುಂಪಿನ ಹೆಸರು ಸೂಚಿಸಿದ್ದರು. ಗುಂಪು ಕೊನೆಯ ಸುತ್ತಿಗೆ ಬಂದಿತ್ತು. ಈಗ ತೀರ್ಪುಗಾರರಿಗೆ ತೋರಿಸಲು ಎಂಟು ನಿಮಿಷದ ಚಿತ್ರ ಬೇಕಿತ್ತು.

“ದೊಡ್ಡ ಕ್ಯಾಮೆರಾದವರನ್ನ ಕರೆಸಿದ್ರೆ ಆ ಹೆಂಗಸರು ಬಾಯೇ ಬಿಡಲ್ಲ ಕಣ್ರೀ,” ಎಂದರು ಮೇಡಂ. “ನೀವಾದ್ರೆ ಮದುವೆ ಮನೆಗೆ ಬಂದವರ ಥರ ಇರ್ತೀರಿ.”

ಹೊಗಳಿದರೋ ಬೈದರೋ ತಿಳಿಯದೆ ಒಪ್ಪಿಕೊಂಡೆ.

ಅಲ್ಲಿನ ಜಗಳದ ಮೂಲ ಇಷ್ಟು. ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯಲ್ಲಿ ಮುಷ್ಕರ ನಡೆಯಿತು. ಕಾರ್ಮಿಕರ ಬಡಾವಣೆಯ ಮೇಲಿನ ಬೀದಿಯವರು ಗೇಟಿನ ಹೊರಗೆ ಕೂತರು. ಕೆಳಗಿನ ಬೀದಿಯವರು ಹೊಟ್ಟೆಪಾಡು ನೋಡಿಕೊಂಡು ಒಳಗೆ ಹೋದರು. ಹಾಗೆ ಒಳಗೆ ಹೋದವರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ಟರ್ನರ್ ಇದ್ದರು. ಒಂದು ಸಂಜೆ ಗೇಟಿನ ಹತ್ತಿರ ಯಾರೋ ಅವರ ಬಲಗೈಗೆ ರಾಡಿನಿಂದ ಹೊಡೆದರು. ಕೈ ಮತ್ತೆ ನೆಟ್ಟಗಾಗಲಿಲ್ಲ. ಆಮೇಲೆ ಬೈಕುಗಳು ಸುಟ್ಟವು, ಮನೆಗಳ ಮೇಲೆ ಕಲ್ಲು ಬಿದ್ದವು. ಕೊನೆಗೆ ಕಾರ್ಖಾನೆಯೇ ಮುಚ್ಚಿಹೋಯಿತು. ಗಂಡಸರು ಬೇರೆ ಬೇರೆ ಕಡೆ ಕೆಲಸ ಹುಡುಕಿಕೊಂಡರು. ಜಗಳ ಮಾತ್ರ ಬಡಾವಣೆಯಲ್ಲೇ ಉಳಿಯಿತು.

ಅದನ್ನು ತಣ್ಣಗೆ ಮಾಡಿದ ಜಾಗ ಒಂದು ಫ್ಲೋರ್ ಮಿಲ್ಲು. ಎರಡು ಬೀದಿ ಸೇರುವ ಮೂಲೆಯಲ್ಲಿ ಶೀಟು ಹೊದಿಸಿದ ಕೋಣೆ, ಒಳಗೆ ಎರಡು ಮಿಷನ್, ಗೋಡೆಗೆ ಒಂದು ಉದ್ದದ ಬೆಂಚು. ನಡೆಸುವವರು ಐವತ್ತು ದಾಟಿದ ಹೆಂಗಸು. ಅವರ ಗಂಡ ಮುಷ್ಕರಕ್ಕೆ ಮೊದಲೇ ತೀರಿಕೊಂಡಿದ್ದರಿಂದ ಆಕೆ ಯಾವ ಬೀದಿಯ ಪಕ್ಷಕ್ಕೂ ಸೇರಿರಲಿಲ್ಲ. ಎಲ್ಲರಿಗೂ ಆಕೆ ಅಕ್ಕ. ಜಗಳದ ಕಾಲದಲ್ಲಿ ಒಂದು ಬೀದಿಯವರ ರಾಗಿ ಬೀಸಿದ ಮೇಲೆ ಇನ್ನೊಂದು ಬೀದಿಯವರು ತಮ್ಮ ರಾಗಿ ಹಾಕಿಸಲು ಒಪ್ಪುತ್ತಿರಲಿಲ್ಲವಂತೆ. ಮಿಲ್ಲಿಗೆ ಹೋದವರಿಗೆಲ್ಲ ಗೊತ್ತು, ಮೊದಲು ಬೀಳುವ ಒಂದು ಹಿಡಿ ಹಿಂದಿನವರ ಹಿಟ್ಟೇ. “ಮಿಷನ್ ತೊಳ್ದು ಹಾಕು ಅಂದ್ರು. ಬೇಕಿದ್ರೆ ಬೀಸುಸ್ಕೊಳ್ಳಿ, ಇಲ್ದಿದ್ರೆ ರಾಗಿನೇ ಮುಕ್ಕಿ ಅಂದ್ಬುಟ್ಟೆ,” ಎಂದು ಅಕ್ಕ ನಗುತ್ತ ಹೇಳಿದರು. ಬೇರೆ ಮಿಲ್ಲೆಂದರೆ ಪಕ್ಕದ ಬಡಾವಣೆಯದು, ಚೀಲ ಹೊತ್ತು ನಡೆಯಲು ದೂರ. ಹೆಂಗಸರು ಒಂದೇ ಬೆಂಚಿನಲ್ಲಿ ಕೂರಲೇಬೇಕಾಯಿತು. ಕೂತ ಮೇಲೆ ಮಾತು ಬಂತು. ಮೇಡಂ ಹೆಸರು ಸೂಚಿಸಿದ ಗುಂಪು ಇದೇ.

ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ ಎಂದು ಉಬ್ಬಿಹೋಗಿದ್ದೆ. ಮೊದಲ ದಿನವೇ ಗಾಳಿ ಇಳಿಯಿತು. ಹಿಟ್ಟಿನ ಧೂಳು ಲೆನ್ಸಿನ ಮೇಲೆ ಕೂತು ಎಲ್ಲರ ಮುಖ ಮಬ್ಬು ಮಬ್ಬು. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಸುತ್ತಿ, ಲೆನ್ಸಿಗೆ ಮಾತ್ರ ತೂತು ಬಿಟ್ಟೆ. ಟ್ಯೂಬ್‌ಲೈಟಿನ ಬೆಳಕು ಚಿತ್ರದಲ್ಲಿ ಮಿಟುಕುತ್ತಿತ್ತು. ಶಟರ್ ವೇಗ ಇಳಿಸಿ ಅದನ್ನು ಸರಿಮಾಡಿದೆ. ಇವೆಲ್ಲ ನನ್ನ ಕೈಯಲ್ಲಿದ್ದ ವಿಷಯ. ಶಬ್ದ ಮಾತ್ರ ನನ್ನ ಮಾತು ಕೇಳಲಿಲ್ಲ. ಮಿಷನ್ ಓಡುವಾಗ ಹೆಂಗಸರು ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಗಂಟೆಗಟ್ಟಲೆ ಮಾತಾಡುತ್ತಿದ್ದರು. ನನ್ನ ಮೈಕಿನಲ್ಲಿ ಬರೀ ಗರಗರ. ಮಿಷನ್ ನಿಲ್ಲಿಸಿದರೆ ಮೈಕು ಶುದ್ಧ, ಆದರೆ ಎಲ್ಲರ ಬಾಯಿಗೂ ಬೀಗ.

“ಯಾಕಕ್ಕ, ಈಗ ಮಾತಾಡಿ ಅಂದ್ರೆ ಎಲ್ಲ ಸುಮ್ನಾಗ್ಬಿಟ್ರಲ್ಲ?” ಎಂದೆ, ಸ್ವಲ್ಪ ರೇಗಿಯೇ.

“ಇಲ್ಲಿ ಮಾತು ನಡೆಯೋದೇ ಮಿಷನ್ ಓಡ್ವಾಗ ಸ್ವಾಮಿ. ಪಕ್ಕದಲ್ಲಿ ಕೂತೋರಿಗೆ ಕೇಳುಸ್ತದೆ, ಬೀದಿಗೆ ಕೇಳ್ಸಲ್ಲ. ಬೈಯೋದಿದ್ರೂ ಬೈಕೋಬೌದು. ಬೀಸಿ ಮುಗೀತು ಅಂದ್ರೆ ಮಾತೂ ಮುಗೀತು. ಆಮೇಲೆ ಹಳೇದು ಎತ್ತಂಗಿಲ್ಲ.”

ಇದೇ ಅವರ ಕ್ರಮ. ಹಗೆಯನ್ನು ಹೇಳಿಕೊಳ್ಳಲು ಒಂದು ಜಾಗ, ಒಂದು ಕಿವಿ. ಅದಾದ ಮೇಲೆ ಎತ್ತುವಂತಿಲ್ಲ.

ಗಂಡಸರು ಬರುತ್ತಿದ್ದುದು ರಜೆಯ ದಿನ. ಆಗ ಟರ್ನರ್ ಕೂಡ ಎಡಗೈಯಲ್ಲಿ ರಾಗಿಯ ಚೀಲ ಹಿಡಿದು ಬಂದರು. ಮಾತು ಕಡಿಮೆ, ನಗು ಜಾಸ್ತಿ ಇರುವ ಮನುಷ್ಯ. ಮಿಷನ್ನಿನ ಬಟ್ಟೆಯ ಕೊಳವೆಯಿಂದ ಹಿಟ್ಟು ಬೀಳುವಾಗ ಚೀಲದ ಬಾಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿಯಬೇಕು. ಅವರಿಗೆ ಅದು ಆಗದು. ಮೇಲಿನ ಬೀದಿಯ ಒಬ್ಬ ಎದ್ದು ಬಂದು ಹಿಡಿದ.

ಬೇರೆಯವರೆಲ್ಲ ಸ್ಟೀಲ್ ಡಬ್ಬ ತಂದಿದ್ದರು. ಕೊಳವೆಯ ಕೆಳಗೆ ಡಬ್ಬ ಇಟ್ಟರೆ ಯಾರೂ ಹಿಡಿಯಬೇಕಿಲ್ಲ.

“ನೀವೂ ಒಂದು ಡಬ್ಬ ತರಬಾರದಾ ಯಜಮಾನ್ರೇ?” ಎಂದು ಕೇಳಿದೆ. ನಾನೇನೋ ಭಾರಿ ಉಪಾಯ ಹೇಳಿದೆ ಅಂದುಕೊಂಡಿದ್ದೆ.

ಇಡೀ ಬೆಂಚು ನಕ್ಕಿತು. ಟರ್ನರೂ ನಕ್ಕರು.

ತೆಗೆದಷ್ಟನ್ನು ಜೋಡಿಸಿ ಪ್ರಶಸ್ತಿಯ ಕಡೆಯ ಸಂಯೋಜಕಿಗೆ ಕಳಿಸಿದೆವು. ವಿಡಿಯೊ ಕರೆಯಲ್ಲಿ ಆಕೆ ಬಹಳ ಸೌಜನ್ಯದಿಂದ ಮಾತಾಡಿದರು. ಮೇಡಂ ನನಗೆ ತಿಳಿಸಿ ಹೇಳಿದ ಪ್ರಕಾರ ಆಕೆಯ ಆಕ್ಷೇಪ ಒಂದೇ. ಹಿಟ್ಟು ಬೀಸುವುದು ಚೆನ್ನಾಗಿದೆ, ಆದರೆ ಹಿಂಸೆ ಎಲ್ಲಿ? ಪೆಟ್ಟು ತಿಂದವರು ತಮ್ಮ ಬಾಯಲ್ಲೇ ನಡೆದದ್ದನ್ನು ಹೇಳಬೇಕು. ಹೊಡೆದವರೂ ಬಂದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ತೀರ್ಪುಗಾರರು ನಂಬುವುದಾದರೂ ಹೇಗೆ?

ಆ ಮಾತಿನಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಗುಂಪಿಗೆ ಪ್ರಶಸ್ತಿ ಬೇಕೇ ಬೇಕಿತ್ತು. ಪಕ್ಕದ ಬಡಾವಣೆಯಲ್ಲಿ ಇನ್ನೊಂದು ಕಾರ್ಖಾನೆಯ ಗಲಾಟೆ ಶುರುವಾಗಿ ಆಗಲೇ ಎರಡು ಮನೆಯ ಕಿಟಕಿ ಒಡೆದಿದ್ದವು. ಅಕ್ಕ ಅಲ್ಲಿಗೆ ಹೋಗಿ ಮಾತಾಡಲು ನೋಡಿದ್ದರು. “ಹಿಟ್ಟು ಬೀಸೋರು ನಮ್ಗೆ ಬುದ್ಧಿ ಹೇಳ್ತೀರಾ” ಎಂದು ಅಲ್ಲಿಯ ಗಂಡಸರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದರು. ಹೊರದೇಶದವರೇ ಮೆಚ್ಚಿದ್ದಾರೆ ಎಂದಾದರೆ ಕೂರಿಸಿ ಕೇಳುತ್ತಾರೆ ಎಂಬುದು ಅಕ್ಕನ ಲೆಕ್ಕ.

ಟರ್ನರ್ ತಾವಾಗಿಯೇ ಒಪ್ಪಿದರು. “ನಮ್ಮ ಅಕ್ಕಂಗೆ ಬರ್ಬೇಕು ಅದು. ನಂದೇನು, ಆಗಿದ್ದು ಹೇಳ್ತೀನಿ.”

ಕೈಗೆ ಆದ ಗಾಯದ ಬಗ್ಗೆ ಮಾತ್ರ ಹೇಳುತ್ತಾರೆ ಎಂದುಕೊಂಡು ಅಕ್ಕನೂ ಸುಮ್ಮನಿದ್ದರು. ಮಿಷನ್ ನಿಲ್ಲಿಸಿದೆವು. ಕಿಟಕಿಯ ಬೆಳಕು ಬೀಳುವಂತೆ ಅವರನ್ನು ಬೆಂಚಿನ ತುದಿಯಲ್ಲಿ ಕೂರಿಸಿ, ಕಾಲರ್‌ಗೆ ಮೈಕ್ ಸಿಕ್ಕಿಸಿದೆ. ಎರಡೂ ಬೀದಿಯವರು ಬಾಗಿಲಲ್ಲಿ ನಿಂತಿದ್ದರು. ಟರ್ನರ್ ಮಗನೂ ಇದ್ದ. ಮದುವೆಯ ವಯಸ್ಸಿನ ಗಟ್ಟಿ ಆಳು, ಒಂದು ಬಿಡಿಭಾಗಗಳ ಘಟಕದಲ್ಲಿ ಕೆಲಸ. ಅಪ್ಪನ ಕೈ ಹೋದ ವರ್ಷವೇ ಓದು ಬಿಟ್ಟು ದುಡಿಯಲು ಹೋದವನು.

ಟರ್ನರ್ ಲೇತ್ ಬಗ್ಗೆ, ಮುಷ್ಕರದ ಬಗ್ಗೆ ಹೇಳಿದರು. ಸೊಗಸಾಗಿ ಹೇಳಿದರು. ಗೇಟಿನ ಹತ್ತಿರ ಬಂದಾಗ ನಿಂತರು.

“ಯಾರು ಅಂತ ಗೊತ್ತಾಯ್ತಾ ನಿಮಗೆ?” ಎಂದೆ.

“ಗೊತ್ತು. ಅಕ್ಕಂಗೋಸ್ಕರ ಈಗ ಹೇಳ್ಬುಡ್ತೀನಿ, ಆಗಿದ್ದಾಗ್ಲಿ.”

ಅಷ್ಟರಲ್ಲಿ ಗರ್ರ್ ಎಂದು ಎರಡೂ ಮಿಷನ್ ಎದ್ದವು. ಅಕ್ಕ ಸ್ವಿಚ್ ಬೋರ್ಡಿನ ಮುಂದೆ ಬೆನ್ನು ಕೊಟ್ಟು ನಿಂತಿದ್ದರು. ಟರ್ನರ್ ಹೇಳುತ್ತಲೇ ಇದ್ದರು. ತಲೆ ತಗ್ಗಿಸಿ, ತಮ್ಮ ಮೊಣಕಾಲಿಗೆ ಹೇಳುವಂತೆ ಅಷ್ಟನ್ನೂ ಹೇಳಿ ಮುಗಿಸಿದರು. ಪಕ್ಕದಲ್ಲಿ ಹೆಡ್‌ಫೋನ್ ಹಾಕಿ ನಿಂತ ನನಗೆ ಗರಗರ ಬಿಟ್ಟು ಒಂದಕ್ಷರವೂ ಕೇಳಿಸಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಹೆಡ್‌ಫೋನ್ ಕಿತ್ತು ಬೆಂಚಿನ ಮೇಲೆ ಎಸೆದೆ. “ಹಿಂಗ್ಮಾಡಿದ್ರೆ ನಿಮಗೆ ಪ್ರಶಸ್ತಿ ಕೊಡೋಕೆ ಅವರಿಗೇನು ಹುಚ್ಚಾ?” ಎಂದು ಕೂಗಿದೆ. ಮಿಷನ್ ಸದ್ದಿನಲ್ಲಿ ಅದೂ ಯಾರಿಗೂ ಕೇಳಿಸಲಿಲ್ಲ. ಸಾಮಾನು ಕಟ್ಟಿಕೊಂಡು ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ಟರ್ನರ್ ಮಗ ಬೈಕಿನಲ್ಲಿ ಸ್ಟುಡಿಯೊಕ್ಕೆ ಬಂದ. ಕೂರು ಎಂದರೂ ಕೂರಲಿಲ್ಲ.

“ಅಣ್ಣಾ, ಅಪ್ಪನ ಕಾಲರ್‌ಗೇ ಮೈಕ್ ಹಾಕಿದ್ರಲ್ಲ. ಅದ್ರಲ್ಲಿ ಬಂದಿರ್ತದೆ. ಸದ್ದು ತೆಗೆಯೋ ಸಾಫ್ಟ್‌ವೇರ್ ಇರ್ತದಲ್ಲ ನಿಮ್ಮ ಹತ್ರ.”

“ಇದೆ. ಸಿಕ್ಕಿದ್ರೆ ಏನ್ಮಾಡ್ತೀಯ?”

“ಹೆಸ್ರು ಗೊತ್ತಾಗ್ಲಿ. ಅಪ್ಪ ಒಂದ್ಸಲನೂ ಬಾಯ್ಬಿಟ್ಟಿಲ್ಲ. ಅಪ್ಪ ಸುಮ್ನಿದ್ರೆ ನಾನೂ ಸುಮ್ನಿರ್ಬೇಕು ಅಂತೇನಿಲ್ವಲ್ಲ.”

ಅವನ ದನಿ ತಣ್ಣಗಿತ್ತು. ಅದಕ್ಕೇ ನನಗೆ ಭಯವಾಯಿತು. ನೋಡೋಣ ಎಂದು ಸಾಗಹಾಕಿದೆ.

ಹಾಗಿದ್ದೂ ಮಧ್ಯಾಹ್ನ ಊಟ ಮಾಡಿ ಬಂದು ಅದೇ ಫೈಲ್ ತೆರೆದು ಕೂತೆ. ಮಗನಿಗಾಗಿ ಅಲ್ಲ, ಚಿತ್ರಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸ ಕಷ್ಟದ್ದೇನಲ್ಲ. ಬರೀ ಮಿಷನ್ ಸದ್ದಿರುವ ಒಂದು ತುಣುಕನ್ನು ಮಾದರಿಯಾಗಿ ಕೊಟ್ಟರೆ, ಸಾಫ್ಟ್‌ವೇರ್ ಆ ಜಾತಿಯ ಸದ್ದನ್ನೆಲ್ಲ ಉಳಿದ ಭಾಗದಿಂದ ಕಳೆಯುತ್ತದೆ. ಮದುವೆಗಳಲ್ಲಿ ಜನರೇಟರ್ ಸದ್ದು ತೆಗೆಯಲು ದಿನವೂ ಮಾಡುವ ಕೆಲಸ. ಮೊದಲ ಸುತ್ತಿಗೆ ಗರಗರ ತೆಳುವಾಯಿತು. ಎರಡನೆಯ ಸುತ್ತಿಗೆ ಒಳಗಿನಿಂದ ಒಂದು ದನಿ ಎದ್ದಿತು. ಆಮೇಲೆ ಮಧ್ಯದ ಸ್ವರಗಳನ್ನು ಸ್ವಲ್ಪ ಏರಿಸಿದೆ.

“...ಕತ್ಲಾಗಿತ್ತು. ಬೀದಿ ದೀಪ ಇರ್ಲಿಲ್ಲ. ಆದ್ರೂ ನಂಗೊತ್ತಾಯ್ತು. ರಾಡು ಹಿಡ್ದಿದ್ದೋನು ನಮ್ಮ...”

ನಿಲ್ಲಿಸಿದೆ. ಬೆರಳು ತಾನಾಗಿ ಹೋಗಿ ಒತ್ತಿತ್ತು. ಮುಂದಿನ ಮಾತಿಗೂ ನನಗೂ ನಡುವೆ ಒಂದು ಗುಂಡಿ ಮಾತ್ರ. ಕೇಳಿದರೆ ನನಗೆ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಆ ಮಗನ ಮುಂದೆ ಏನೂ ಗೊತ್ತಿಲ್ಲದವನ ಮುಖ ಮಾಡಿಕೊಂಡು ಕೂರುವ ಶಕ್ತಿ ನನಗಿಲ್ಲ. ನಾನು ಸುಳ್ಳು ಹೇಳಿದರೆ ನನ್ನ ಹೆಂಡತಿ ಕಾಫಿ ತರುವಷ್ಟರಲ್ಲಿ ಹಿಡಿದುಬಿಡುತ್ತಾಳೆ. ಕಂಪ್ಯೂಟರ್ ಹಾಗೇ ಬಿಟ್ಟು, ಕೋಣೆಗೆ ಬೀಗ ಹಾಕಿ ಮೇಟಗಳ್ಳಿಗೆ ಹೋದೆ.

ಅಕ್ಕ ಜರಡಿ ಕೊಡವುತ್ತಿದ್ದರು. ನಡೆದದ್ದನ್ನು ಹೇಳಿದೆ.

“ಹೆಸ್ರು ಕೇಳುಸ್ಕೊಂಡ್ರಾ?”

“ಇಲ್ಲ. ಅಲ್ಲಿಗೇ ನಿಲ್ಲಿಸಿದೆ.”

ಅವರು ಜರಡಿ ಕೆಳಗಿಟ್ಟು ಬೆಂಚಿನ ಮೇಲೆ ಕೂತರು. ಆಮೇಲೆ ಮಿಷನ್ ಹಾಕಿ ಬಂದು ನನ್ನ ಕಿವಿಯ ಹತ್ತಿರ ಬಾಗಿದರು. ಮೊದಲ ಸಲ ನನಗೂ ಆ ಬೆಂಚಿನ ಮರ್ಯಾದೆ ಸಿಕ್ಕಿತು.

“ಡಬ್ಬ ಯಾಕೆ ತರಲ್ಲ ಅಂತ ಅವತ್ತು ಕೇಳಿದ್ರಲ್ಲ ಸ್ವಾಮಿ. ತರ್ಬೇಡಿ ಅಂದೋಳು ನಾನೇ. ಹೊಡೆದೋನು ಒಂದಿನ ಇಲ್ಲಿಗೇ ಬಂದು ಅತ್ಕೊಂಡ. ಎಲ್ರ ಮುಂದೆ ಟರ್ನರಣ್ಣನ ಕಾಲಿಗೆ ಬೀಳ್ತೀನಿ ಅಂದ. ಬಿದ್ರೆ ಏನಾಗ್ತದೆ? ನಾಳೆ ಇವ್ರ ಮಗ ಅವ್ನ ಮನೆ ಮುಂದೆ ನಿಲ್ತಾನೆ. ಅದುಕ್ಕೆ ಮೇಲಿನ ಬೀದಿ ಗಂಡುಸ್ರನ್ನೆಲ್ಲ ಕರ್ದೆ. ಇವ್ರ ಕೈ ಹೋಗ್ಯದೆ, ಇನ್ಮೇಲೆ ಇವ್ರ ಚೀಲ ನೀವು ಹಿಡೀರಿ, ಸರದಿ ಮೇಲೆ, ಎಲ್ರೂ ಹಿಡೀರಿ ಅಂದೆ. ಯಾರು ಅಂತ ಕೇಳ್ಬೇಡಿ ಅಂದೆ. ಒಪ್ಕೊಂಡ್ರು. ಹೊಡೀದೇ ಇದ್ದೋರೂ ಹಿಡೀತಾರೆ. ಟರ್ನರಣ್ಣನೂ ಒಪ್ಕೊಂಡ್ರು. ಈಗ ಒಬ್ನ ಹೆಸ್ರು ಆಚೆ ಬಂದ್ರೆ ಮಿಕ್ಕೋರು ಕೈ ಬಿಟ್ಬುಡ್ತಾರೆ. ಅವ್ನೊಬ್ನೇ ಉಳ್ಕೋತಾನೆ.”

ಇಷ್ಟು ದಿನ ಆ ಚೀಲ ನನ್ನ ಕ್ಯಾಮೆರಾದ ಮುಂದೆಯೇ ಇತ್ತು. ನಾನು ಡಬ್ಬ ತನ್ನಿ ಎಂದು ಬುದ್ಧಿ ಹೇಳಿದ್ದೆ.

ಮದುವೆ ವಿಡಿಯೊದವರು ಏನನ್ನೂ ಅಳಿಸುವುದಿಲ್ಲ. ಇನ್ನೊಂದು ಸಲ ತಾಳಿ ಕಟ್ಟಿ ಎನ್ನಲಾಗದು. ಆದ್ದರಿಂದ ಕಾರ್ಡಿನಲ್ಲೊಂದು, ಎರಡು ಹಾರ್ಡ್ ಡಿಸ್ಕಿನಲ್ಲಿ ಒಂದೊಂದು ಪ್ರತಿ ಇಡುವುದು ನನ್ನ ಕಟ್ಟುನಿಟ್ಟು. ಆ ಸಂಜೆ ಮೂರನ್ನೂ, ಸದ್ದು ತೆಗೆದ ಪ್ರತಿಯನ್ನೂ ಅಳಿಸಿದೆ. ತಲೆ ತಗ್ಗಿಸಿದ್ದರೂ ತುಟಿ ಕಾಣುತ್ತಿತ್ತು, ಹಾಗಾಗಿ ಚಿತ್ರವನ್ನೂ ಉಳಿಸಲಿಲ್ಲ. ಟರ್ನರ್ ಮಗನಿಗೆ ಫೋನ್ ಮಾಡಿ, ಹೆಸರು ಕೇಳದೆ ಅಳಿಸಿಬಿಟ್ಟೆ ಎಂದು ಇದ್ದಹಾಗೆ ಹೇಳಿದೆ. “ನಿಮ್ಮಪ್ಪಂಗೆ ಆಗಿದ್ರೆ ಅಳಿಸ್ತಿದ್ರಾ?” ಎಂದು ಕೇಳಿ ಕರೆ ಕತ್ತರಿಸಿದ.

ಸಂಯೋಜಕಿಯಿಂದ ಮೇಡಂ ಒಂದಿಷ್ಟು ಸಮಯ ಕೇಳಿ ಪಡೆದರು. ಅಕ್ಕ ಎರಡೂ ಬೀದಿಯವರನ್ನು ಕೂರಿಸಿ, ಚೀಲ ಹಿಡಿಯುವುದನ್ನು ತೋರಿಸಬಹುದೇ ಎಂದು ಕೇಳಿದರು. ಕೈ ತೋರಿಸಿ, ಮುಖ ಬೇಡ ಎಂದರು. ಅಲ್ಲಿಂದ ರಜೆಯ ದಿನಗಳಲ್ಲೆಲ್ಲ ನಾನು ನೆಲದ ಮೇಲೆ ಕೂತು ಒಂದೇ ಕೋನದಿಂದ ಒಂದೇ ಚೌಕಟ್ಟು ತೆಗೆದೆ. ಬಟ್ಟೆಯ ಕೊಳವೆ, ಚೀಲದ ಬಾಯಿ, ಎರಡು ಕೈ. ಟ್ರೈಪಾಡ್ ಕಾಲಿನ ಜಾಗಕ್ಕೆ ನೆಲದಲ್ಲಿ ಬಳಪದ ಗುರುತು. ಹೆಂಗಸರು ಗುಡಿಸುವಾಗ ಅದನ್ನು ಬಿಟ್ಟು ಗುಡಿಸುತ್ತಿದ್ದರು. ಒಂದು ವಾರ ಗ್ರೀಸ್ ಮೆತ್ತಿದ ಕೈ, ಇನ್ನೊಂದು ವಾರ ಹಳೆಯ ಉಂಗುರ ಬಿಗಿದ ಕೈ, ಮತ್ತೊಂದು ವಾರ ನಡುಗುವ ಮುದಿ ಕೈ. ಎಲ್ಲ ಕೈಗಳ ಮೇಲೂ ಅದೇ ಹಿಟ್ಟು. ಶಬ್ದವನ್ನು ತೆಗೆಯಲಿಲ್ಲ, ಮಿಷನ್ ಸದ್ದನ್ನು ಪೂರ್ತಿ ಬಿಟ್ಟೆ. ಕೊನೆಯಲ್ಲಿ ಮಾತ್ರ ಮಿಷನ್ ನಿಲ್ಲುತ್ತದೆ. ಆಗ ಅಕ್ಕ ಹೇಳುತ್ತಾರೆ: “ಹೊಡೆದೋರು ಇವ್ರಲ್ಲಿ ಒಬ್ರು. ಹಿಡಿಯೋರು ಎಲ್ರೂ.”

ಪ್ರಶಸ್ತಿ ನಮಗೆ ಬರಲಿಲ್ಲ. ನಮಗಿಂತ ಎಷ್ಟೋ ದೊಡ್ಡ ಸಂಕಟ ಕಂಡ ದೇಶದ ಒಂದು ಗುಂಪಿಗೆ ಹೋಯಿತು. ಅದು ಸರಿಯೇ, ಆದರೂ ನನಗೆ ಅಳು ಬರುವಷ್ಟು ಬೇಜಾರಾಯಿತು. ಆ ಧ್ವನಿ ಇದ್ದಿದ್ದರೆ ಎಂದು ಒಂದೆರಡು ದಿನ ಮನಸ್ಸು ಕೊರೆಯಿತು. ಸಮಾರಂಭದ ದಿನ ನಮ್ಮ ಚಿತ್ರವನ್ನೂ ತೋರಿಸುವುದಾಗಿ ಸಂಯೋಜಕಿ ತಿಳಿಸಿದರು. ಪ್ರಶಸ್ತಿ ಬರಲಿಲ್ಲ ಎಂದು ಅಕ್ಕನಿಗೆ ಹೇಳಿದಾಗ, “ಬಂದಿದ್ರೆ ಎಲ್ಲಿಡ್ತಿದ್ದೆ ಸ್ವಾಮಿ, ಒಂದಿನಕ್ಕೆ ಹಿಟ್ಟು ಕೂತ್ಕೊಂಡ್ಬುಡ್ತಿತ್ತು,” ಎಂದರು. ಆಮೇಲೆ, “ಬಂದಿದ್ರೆ ಚೆನ್ನಾಗಿತ್ತು,” ಎಂದು ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡರು.

ಸಮಾರಂಭ ನಡೆದ ವಾರವೇ ಮಿಲ್ಲಿನ ಹೊರಗೋಡೆಗೆ ಬಿಳಿ ಪಂಚೆ ಕಟ್ಟಿ ಚಿತ್ರ ಹಾಕಿದೆವು. ಎರಡೂ ಬೀದಿಯವರು ಬಂದರು. ಪಕ್ಕದ ಬಡಾವಣೆಯವರೂ ಕೆಲವರು ಬಂದು ಹಿಂದೆ ನಿಂತರು. ಟರ್ನರ್ ಮಗ ಬೈಕಿನ ಮೇಲೆಯೇ ಕೂತು ನೋಡಿ, ಮುಗಿದೊಡನೆ ಹೊರಟುಹೋದ. ಪಕ್ಕದ ಬಡಾವಣೆಯ ಇಬ್ಬರು ಹೆಂಗಸರು ಮಾತ್ರ ಉಳಿದು, ನಾಳೆ ರಾಗಿ ತರಬಹುದೇ ಎಂದು ಅಕ್ಕನನ್ನು ಕೇಳಿದರು. ಅವರ ಹತ್ತಿರದಲ್ಲೇ ಒಂದು ಮಿಲ್ಲಿತ್ತು. ಅಕ್ಕ ಅದನ್ನು ಎತ್ತಲಿಲ್ಲ, ಬನ್ನಿ ಎಂದರು.

ತಿಂಗಳುಗಳಾದ ಮೇಲೆ ಆ ಮಗ ಸ್ಟುಡಿಯೊಕ್ಕೆ ಬಂದ. ಈ ಸಲ ತಾನಾಗಿ ಕೂತ.

“ನನ್ನ ಮದುವೆ ಅಣ್ಣಾ. ನೀವೇ ತೆಗೀಬೇಕು.” ಕಾಫಿ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸುತ್ತಿದ್ದ. “ಅವತ್ತು ಚಿತ್ರದಲ್ಲಿ ಆ ಕೈಗಳನ್ನೇ ನೋಡ್ತಿದ್ದೆ. ಇದೇ ಇರ್ಬೇಕು, ಇಲ್ಲ ಇದಿರ್ಬೇಕು ಅಂತ. ಆಮೇಲೆ ಒಂದೊಂದು ಕೈ ನೋಡಿದ್ರೂ, ನಮ್ಮಪ್ಪನ ಚೀಲ ಹಿಡಿದೋರು ಅಂತಾನೇ ನೆನಪಾಗ್ತದೆ. ಯಾರ್ ಮೇಲೆ ಅಂತ ಕೋಪ ಮಾಡ್ಕೊಳ್ಲಿ?” ಲೋಟ ಕೆಳಗಿಟ್ಟ. “ಮೇಲಿನ ಬೀದಿಯೋರು ಎಲ್ರೂ ಬರ್ತಾರೆ. ಒಬ್ರನ್ನೂ ಬಿಡ್ಬೇಡಿ.”

ಧಾರೆಯ ಹೊತ್ತಿಗೆ ಮಂಟಪದ ಮುಂದೆ ಸಾಲು ಬೆಳೆಯಿತು. ಬಂದವರೆಲ್ಲ ಒಂದೊಂದು ಉದ್ಧರಣೆ ಹಾಲನ್ನು ಗಂಡು ಹೆಣ್ಣಿನ ಜೋಡಿಸಿದ ಕೈಗಳ ಮೇಲೆ ಎರೆಯುವುದು ನಮ್ಮ ಕಡೆಯ ಪದ್ಧತಿ. ಟರ್ನರ್ ಪಕ್ಕದಲ್ಲಿ ಕೂತು ಎಡಗೈಯಲ್ಲಿ ಹಾಲಿನ ಪಾತ್ರೆ ಹಿಡಿದಿದ್ದರು. ನಾನು ಬಾಗಿ ಕೈಗಳ ಮೇಲೆ ಫೋಕಸ್ ಮಾಡಿದೆ. ಗ್ರೀಸ್ ಹೋಗದ ಉಗುರಿನ ಕೈ ಬಂತು, ಉಂಗುರದ ಕೈ ಬಂತು, ನಡುಗುವ ಕೈ ಬಂತು. ಅವುಗಳಲ್ಲಿ ಒಂದು ಅವತ್ತು ರಾಡು ಹಿಡಿದ ಕೈ. ಕ್ಯಾಮೆರಾ ಮೇಲೆತ್ತಿದರೆ ಯಾವುದಾದರೊಂದು ಮುಖ ತನ್ನನ್ನು ತಾನೇ ಬಿಟ್ಟುಕೊಡುತ್ತಿತ್ತೋ ಏನೋ. ನಾನು ಎತ್ತಲಿಲ್ಲ. ಮದುಮಗನೂ ತಲೆಯೆತ್ತಿ ಯಾರ ಮುಖವನ್ನೂ ನೋಡಲಿಲ್ಲ; ಕೊನೆಯವರು ಎರೆದು ಮುಗಿಸುವವರೆಗೆ ತನ್ನ ಕೈಗಳನ್ನು ಅಲುಗಿಸದೆ ಹಾಗೇ ಹಿಡಿದಿದ್ದ.